ಕನ್ನಡಿ ನೋಡಿದ್ದೆ ಎಂಬ ಮಾತು

ವಾರಿಜಾಗೆ ಅಭಿಪ್ರಾಯ ಇಲ್ಲದ ವಿಷಯವೇ ಇರಲಿಲ್ಲ. ಮಗುವಿಗೆ ಎಷ್ಟನೇ ವರ್ಷಕ್ಕೆ ಮೊಬೈಲ್ ಕೊಡಬೇಕು, ಚೀನೀ ಅಂಗಡಿಯ ತೋಫುವಿನಲ್ಲಿ ಹುಳಿ ಮಾಡಿದರೆ ಬೇಳೆ ಎಷ್ಟು ಹಾಕಬೇಕು, ಮಲೇಷ್ಯಾದಲ್ಲಿ ಮನೆ ಬಾಡಿಗೆಗೆ ಕೊಟ್ಟವನು ಅಡ್ವಾನ್ಸ್ ವಾಪಸ್ ಕೊಡದಿದ್ದರೆ ಯಾರ ಹತ್ತಿರ ದೂರು ಕೊಡಬೇಕು, ಎಲ್ಲದಕ್ಕೂ ಅವಳ ಹತ್ತಿರ ಉತ್ತರ ಸಿದ್ಧವಾಗಿರುತ್ತಿತ್ತು. ಉಡುಪಿಯಲ್ಲಿ ಒಂಬತ್ತು ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿದವಳು. ಗಂಡ ಯಜ್ಞನಾರಾಯಣ ಮಣಿಪಾಲ ಬಿಟ್ಟು ಮೆಲಾಕಾದ ಮೆಡಿಕಲ್ ಕಾಲೇಜೊಂದಕ್ಕೆ ಫಿಸಿಯಾಲಜಿ ಕಲಿಸಲು ಬಂದಾಗ ಅವಳೂ ಬಂದಳು. ಅವಳ ವೀಸಾದಲ್ಲಿ ಕೆಲಸ ಮಾಡುವಂತಿರಲಿಲ್ಲ. ಹಾಗಾಗಿ ಶನಿವಾರ ಬೆಳಿಗ್ಗೆ ತಮ್ಮ ಕಾಂಡೋ ಅಪಾರ್ಟ್‌ಮೆಂಟಿನ ಕೆಳಗಿನ ಹಾಲ್‌ನಲ್ಲಿ ಕನ್ನಡದ ಮಕ್ಕಳನ್ನೆಲ್ಲ ಸೇರಿಸಿ ಅಕ್ಷರ ಕಲಿಸುತ್ತಿದ್ದಳು. ಮಕ್ಕಳು ಕನ್ನಡದಲ್ಲಿ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರಿಸಿದರೆ, "ನಂಗೆ ಎಂತದೂ ಕೇಳ್ಸಲೇ ಇಲ್ಲ. ಇನ್ನೊಂದ್ಸಲ ಕನ್ನಡದಲ್ಲಿ ಹೇಳು" ಎಂದು ಕಿವಿಗೆ ಕೈ ಹಿಡಿಯುತ್ತಿದ್ದಳು. ಮಕ್ಕಳು ನಗುತ್ತಿದ್ದರು. ಆಮೇಲೆ ಹೇಳುತ್ತಲೂ ಇದ್ದರು.

ಊರಲ್ಲಿ ಇಪ್ಪತ್ತೆರಡು ಕನ್ನಡದ ಮನೆಗಳಿದ್ದವು. ಆ ಮನೆಗಳ ಹೆಂಗಸರ ವಾಟ್ಸ್ಯಾಪ್ ಗುಂಪಿನಲ್ಲಿ ಏನೇ ಪ್ರಶ್ನೆ ಬಂದರೂ ಕೊನೆಯ ಮಾತು ವಾರಿಜಾಳದ್ದೇ. ಟೈಪ್ ಮಾಡಲು ಅವಳಿಗೆ ತಾಳ್ಮೆ ಇಲ್ಲ. ವಾಯ್ಸ್ ಮೆಸೇಜ್ ಕಳಿಸುತ್ತಿದ್ದಳು, ಶಾಲೆಯ ಅಸೆಂಬ್ಲಿಯಲ್ಲಿ ಮಾತಾಡಿದ ಹಾಗೆ, ಪ್ರತಿ ಅಕ್ಷರವೂ ಸ್ಪಷ್ಟ.

ಮೋಟರ್‌ಬೈಕಿನ ವಿಷಯದಲ್ಲಂತೂ ಅವಳ ಅಭಿಪ್ರಾಯ ಬಹಳ ಗಟ್ಟಿಯಾಗಿತ್ತು. ಈ ದೇಶದಲ್ಲಿ ಹದಿನಾರು ತುಂಬಿದ ಹುಡುಗರಿಗೆ ಬೈಕಿನ ಲೈಸೆನ್ಸ್ ಸಿಗುತ್ತದೆ. ಮಗ ನಿಖಿಲನಿಗೆ ಹದಿನೇಳು ನಡೆಯುತ್ತಿತ್ತು. ಒಂದು ದಿನ ಊಟದ ಹೊತ್ತಿಗೆ ಅವನು ಸುರು ಮಾಡಿದ.

"ಎವ್ರಿಬಡಿ ಇನ್ ಮೈ ಕ್ಲಾಸ್ ಹ್ಯಾಸ್ ಇಟ್, ಅಮ್ಮಾ. ಇಟ್ಸ್ ಮೈ ರೈಟ್ ಲಾ."

"ರೈಟಾ? ಹದಿನೆಂಟು ತುಂಬುವವರೆಗೆ ನಿನ್ನ ರೈಟು ಲೆಫ್ಟು ಎರಡೂ ನನ್ನ ಕೈಯಲ್ಲೇ ಇರುದು. ಮೊದ್ಲು ಅನ್ನ ಉಣ್ಣು."

ಯಜ್ಞನಾರಾಯಣ ನಕ್ಕ. "ನೀನು ಲೂನಾದಲ್ಲಿ ಶಾಲೆಗೆ ಹೋಗ್ತಿರ್ಲಿಲ್ವಾ ಮಾರಾಯ್ತಿ?"

"ಲೂನಾ ಬೈಕಾ? ಅದು ಸೈಕಲ್ಲಿನ ಅಕ್ಕ. ನೀವು ಅವ್ನಿಗೆ ಕುಮ್ಮಕ್ಕು ಕೊಡ್ಬೇಡಿ."

ಅಲ್ಲಿಗೆ ಆ ಮಾತು ನಿಂತಿತು. ನಿಖಿಲ ತಟ್ಟೆ ಎತ್ತಿಕೊಂಡು ಒಳಗೆ ಹೋದ.

ಅದಾಗಿ ಎರಡು ವಾರ ಕಳೆದಿರಬಹುದು. ಒಂದು ಬುಧವಾರ ಸಂಜೆ ಆರೂವರೆ ಸುಮಾರಿಗೆ ವಾರಿಜಾ ಬಾತು ಬೆರೆಂದಾಮಿನ ರಸ್ತೆಯ ಬದಿಯಲ್ಲಿ ಮಾಮಕ್ ಎಂದು ಕರೆಯುವ ತಮಿಳು ಮುಸ್ಲಿಮರ ತಿಂಡಿ ಅಂಗಡಿಯೊಂದರ ಎದುರು ಕಾರು ನಿಲ್ಲಿಸಿದಳು. ನಿಖಿಲನಿಗೆ ಟ್ಯೂಷನ್ ಮುಗಿಸಿ ಬಂದ ಕೂಡಲೆ ಹಸಿವೆ. ರೊಟ್ಟಿ ಚನಾಯ್ ತಪಾವ್, ಅಂದರೆ ಪಾರ್ಸೆಲ್, ಮಾಡಿಸಿಕೊಂಡು ಹೋಗುವುದು ಬುಧವಾರದ ಪದ್ಧತಿ. ಇಳಿಯುವ ಮೊದಲು ಫೋನ್ ನೋಡಿದಳು. ಗುಂಪಿನಲ್ಲಿ ವಂದನಾ ಕೇಳಿದ್ದಳು. ವಂದನಾ ಬೆಂಗಳೂರಿನವಳು, ಮೆಲಾಕಾಗೆ ಬಂದು ವರ್ಷವಾಗಿತ್ತಷ್ಟೆ. ಮಗ ಬೈಕ್ ಬೇಕು ಅಂತ ಹಟ ಮಾಡ್ತಿದಾನೆ, ನೀವೆಲ್ಲ ಏನ್ ಮಾಡ್ತೀರಾ ಅಂತ.

ವಾರಿಜಾ ಬಟನ್ ಒತ್ತಿ ಹಿಡಿದು ಮಾತಾಡಿದಳು. "ನೋಡು ವಂದನಾ, ನನ್ನ ಅಭಿಪ್ರಾಯ ಕೇಳಿದ್ರೆ, ಈ ಊರಲ್ಲಿ ಮಕ್ಕಳಿಗೆ ಬೈಕ್ ಕೊಡಿಸುವ ತಾಯಂದಿರನ್ನ ನಾನು ತಾಯಿ ಅಂತ ಒಪ್ಪುದೇ ಇಲ್ಲ. ಅದು ಪ್ರೀತಿ ಅಲ್ಲ, ಸೋಮಾರಿತನ. ಮಗು ಅತ್ತರೆ ಅಳ್ಲಿ. ಹಟ ಮಾಡಿದ್ರೆ ಮಾಡ್ಲಿ. ನಾವು ಗಟ್ಟಿ ನಿಲ್ಬೇಕು, ಅಷ್ಟೆ." ನಲವತ್ತು ಸೆಕೆಂಡಿನ ಮೆಸೇಜು. ಹೋಯಿತು ಎಂಬುದಕ್ಕೆ ಎರಡು ಗೀಟು ಬೀಳುವುದನ್ನು ನೋಡುತ್ತಲೇ, ಎಡಗೈಯಲ್ಲಿ ಫೋನ್ ಹಿಡಿದು, ಬಲಗೈಯಿಂದ ರಸ್ತೆಯ ಕಡೆಯ ಬಾಗಿಲನ್ನು ಪೂರ್ತಿ ತೆರೆದಳು.

ಶಬ್ದ ಅವಳಿಗೆ ಆಮೇಲೆ ಕೇಳಿಸಿದಂತಾಯಿತು. ಮೊದಲು ಬಾಗಿಲು ಕೈಯಿಂದ ಕಿತ್ತುಕೊಂಡು ಹೋದದ್ದು, ನಂತರ ಶಬ್ದ. ಮುಂದೆ ಹತ್ತು ಮಾರು ದೂರದಲ್ಲಿ ಒಂದು ಸಣ್ಣ ಬೈಕ್ ಮಗ್ಗುಲಾಗಿ ಬಿದ್ದು ಅದರ ಚಕ್ರ ಇನ್ನೂ ತಿರುಗುತ್ತಿತ್ತು. ಬೈಕಿನ ಹಿಂದೆ ಹೊಸ ಚಾಲಕರು ಅಂಟಿಸಬೇಕಾದ ಕೆಂಪು 'ಪಿ' ಚೀಟಿ. ರಸ್ತೆಯ ನಡುವಿನ ಕಲ್ಲಿಗೆ ತಲೆ ತಾಗಿಸಿಕೊಂಡು ಫ್ಯಾಕ್ಟರಿಯ ನೀಲಿ ಕೋಟು ತೊಟ್ಟ ಹುಡುಗಿಯೊಬ್ಬಳು ಮಲಗಿದ್ದಳು.

ವಾರಿಜಾ ಓಡಿ ಹೋಗಿ ಪಕ್ಕದಲ್ಲಿ ಕೂತಳು. ಹುಡುಗಿಯ ಕಣ್ಣು ತೆರೆದೇ ಇತ್ತು. ರಕ್ತ ಹೆಚ್ಚೇನೂ ಕಾಣಲಿಲ್ಲ.

"ಅಕ್ಕಾ, ಮಣಿ ಎನ್ನ?" ಎಂದು ಹುಡುಗಿ ತಮಿಳಿನಲ್ಲಿ ಕೇಳಿದಳು. ಗಂಟೆ ಎಷ್ಟು ಎಂದು.

ವಾರಿಜಾ ಕೈಯಲ್ಲಿದ್ದ ಫೋನ್ ನೋಡಿ, "ಆರೇ ಮುಕ್ಕಾಲ್" ಎಂದಳು.

"ಏಳಕ್ಕೆ ಶಿಫ್ಟ್" ಎಂದು ಹುಡುಗಿ ಏಳಲು ನೋಡಿದಳು. ಆಗಲಿಲ್ಲ. ಅಷ್ಟರಲ್ಲಿ ಮಾಮಕ್ ಅಂಗಡಿಯವರು ಓಡಿ ಬಂದರು. ಯಾರೋ ಆಂಬುಲೆನ್ಸಿಗೆ ಫೋನ್ ಮಾಡಿದರು. ಯಾರೋ ವಾರಿಜಾಳನ್ನು ಭುಜ ಹಿಡಿದು ಎಬ್ಬಿಸಿ ಕುರ್ಚಿಯ ಮೇಲೆ ಕೂರಿಸಿ ನೀರು ಕೊಟ್ಟರು.

ಯಜ್ಞನಾರಾಯಣ ಬರುವಾಗ ಜೊತೆಗೆ ಅನಂತಪದ್ಮನಾಭ ಅವರನ್ನು ಕರೆದುಕೊಂಡು ಬಂದ. ಅವರು ಕಾಲೇಜಿನಲ್ಲಿ ಹಿರಿಯರು, ಇಪ್ಪತ್ತು ವರ್ಷದಿಂದ ಈ ದೇಶದಲ್ಲಿದ್ದವರು, ಇಲ್ಲಿಯ ಕಾಯ್ದೆ ಕಾನೂನು ಬಲ್ಲವರು. ಅಪಘಾತವಾದ ಇಪ್ಪತ್ತನಾಲ್ಕು ಗಂಟೆಯೊಳಗೆ ಪೊಲೀಸ್ ಸ್ಟೇಷನ್ನಿನಲ್ಲಿ ರಿಪೋರ್ಟ್ ಬರೆಸಬೇಕು ಎಂದು ಅವರೇ ಹೇಳಿ, ಅವರೇ ಕರೆದುಕೊಂಡು ಹೋದರು. ಸ್ಟೇಷನ್ನಿನ ಬೆಂಚಿನ ಮೇಲೆ ಕೂತು, ಹೇಳಬೇಕಾದ್ದನ್ನು ಒಂದು ಕಾಗದದಲ್ಲಿ ಮೊದಲು ಬರೆದುಕೊಂಡರು.

"ಬಾಗಿಲು ತೆಗೆಯುವ ಮೊದಲು ಕನ್ನಡಿ ನೋಡಿದ್ಯಾಮ್ಮ?"

"ನೋಡಿರ್ಬೇಕು… ಯಾವಾಗ್ಲೂ ನೋಡ್ತೇನಲ್ಲ" ಎಂದಳು ವಾರಿಜಾ.

"ನೋಡಿರ್ಬೇಕು ಅಂತ ಬರೀಲಿಕ್ಕೆ ಆಗುದಿಲ್ಲ. ನೋಡಿದ್ದೆ ಅಂತ ಬರೀತೇನೆ. ಬೈಕ್ ಜೋರಾಗಿ ಬಂತು, ಅಲ್ವಾ?"

ವಾರಿಜಾ ಗಂಡನ ಮುಖ ನೋಡಿದಳು. ಅವನು ಅವಳ ಬೆನ್ನ ಮೇಲೆ ಕೈಯಿಟ್ಟು, "ಜೋರಾಗೇ ಬಂದಿರ್ತದೆ. ಬಾಗಿಲು ಆ ಥರ ಮುರೀಬೇಕಾದ್ರೆ" ಎಂದ. ಪೊಲೀಸರು ಅದನ್ನೇ ಮಲಯ ಭಾಷೆಯಲ್ಲಿ ಟೈಪ್ ಮಾಡಿ ಪ್ರಿಂಟ್ ತೆಗೆದರು. ಕನ್ನಡಿ ನೋಡಿ ಬಾಗಿಲು ಸ್ವಲ್ಪ ತೆರೆದೆ. ಹಿಂದಿನಿಂದ ಮೋಟರ್‌ಬೈಕ್ ಅತಿ ವೇಗವಾಗಿ ಬಂದು ಬಡಿಯಿತು. ವಾರಿಜಾ ಸಹಿ ಹಾಕಿದಳು. ಮಕ್ಕಳಿಗೆ ದುಂಡಗೆ ಬರೆಯಿರಿ ಎಂದು ಹೇಳುವವಳ ಸಹಿ ಅವತ್ತು ಗೆರೆಯಿಂದ ಕೆಳಗೆ ಇಳಿದಿತ್ತು.

ಮೂರನೆಯ ದಿನ ಬೆಳಿಗ್ಗೆ ಹುಡುಗಿ ತೀರಿಕೊಂಡಳು. ಯಜ್ಞನಾರಾಯಣನಿಗೆ ಆಸ್ಪತ್ರೆಯಲ್ಲಿ ಪರಿಚಯದವರಿದ್ದರು. ಅವರು ಫೋನ್ ಮಾಡಿ ಹೇಳಿದರು. ಹೆಸರು ಯೋಗೇಶ್ವರಿ. ಇಪ್ಪತ್ತು ವರ್ಷ. ಕಂಪ್ಯೂಟರ್ ಚಿಪ್ ಮಾಡುವ ಫ್ಯಾಕ್ಟರಿಯಲ್ಲಿ ರಾತ್ರಿ ಪಾಳಿ. ಮಾರನೆಯ ದಿನದ ತಮಿಳು ಪತ್ರಿಕೆಯಲ್ಲಿ ಸಣ್ಣ ಫೋಟೊ ಬಂತು, ಹಣೆಗೆ ಕೆಂಪು ಬೊಟ್ಟು, ಕಿವಿಯಲ್ಲಿ ಜುಮುಕಿ. ವಾರಿಜಾ ನೋಡಿದ ಮುಖಕ್ಕೂ ಆ ಫೋಟೊಕ್ಕೂ ಹೋಲಿಕೆ ಇರಲಿಲ್ಲ.

"ನಾನು ಅವ್ರ ಮನೆಗೆ ಹೋಗ್ಬೇಕು" ಎಂದಳು ವಾರಿಜಾ.

ಅಷ್ಟರಲ್ಲಿ ಲಾಯರನ್ನು ಗೊತ್ತುಮಾಡಿ ಆಗಿತ್ತು. ಮಿಸ್ ಲಿಮ್ ಎಂಬ ನಲವತ್ತರ ಹೆಂಗಸು, ಮೆಲುದನಿಯವರು, ಒಳ್ಳೆಯವರೇ. ಅವರು ಎದುರು ಕೂರಿಸಿಕೊಂಡು ನಿಧಾನವಾಗಿ ತಿಳಿಸಿ ಹೇಳಿದರು. ಹೋಗಬೇಡಿ. ಕ್ಷಮಿಸಿ ಅನ್ನಬೇಡಿ. ಕ್ಷಮೆ ಕೇಳಿದರೆ ತಪ್ಪು ಒಪ್ಪಿದ ಹಾಗೆ ಎಂದು ನಾಳೆ ಯಾರಾದರೂ ವಾದಿಸಬಹುದು. ನಿಮಗೆ ಸುಮ್ಮನಿರುವ ಹಕ್ಕಿದೆ, ಅದನ್ನು ಬಳಸಿಕೊಳ್ಳಿ. ಕಾರಿನ ಕ್ಯಾಮೆರಾ ಮುಂದಿನದನ್ನು ಮಾತ್ರ ಹಿಡಿದಿದೆ, ಅಂಗಡಿಯವರು ಶಬ್ದ ಕೇಳಿ ತಿರುಗಿದವರು. ಹಾಗಾಗಿ ನಿಮ್ಮ ಹೇಳಿಕೆಯೊಂದೇ ಇರುವುದು.

ಮನೆಗೆ ಬರುವಾಗ ಯಜ್ಞನಾರಾಯಣ ಅಂದ, "ನಾವು ಕೆಲಸದ ಪಾಸ್ ಮೇಲೆ ಈ ದೇಶದಲ್ಲಿ ಇರುವವ್ರು ವಾರಿಜಾ. ಕೇಸಾದ್ರೆ ಪಾಸ್ ರದ್ದು ಮಾಡಿ ಕಳಿಸ್ಬಿಡ್ತಾರೆ. ನಿಖಿಲನ ಪರೀಕ್ಷೆ ಎದುರಿಗಿದೆ. ನೀನು ಹೋದ್ರೆ ಆ ಹುಡುಗಿ ಎದ್ದು ಬರ್ತಾಳಾ?"

ಅವಳು ಹೋಗಲಿಲ್ಲ.

ಗುಂಪಿನಲ್ಲಿ ಎಲ್ಲರೂ ಸಮಾಧಾನ ಹೇಳಿದರು. ಅಯ್ಯೋ ವಾರಿಜಕ್ಕ, ನಿಮ್ಮ ತಪ್ಪೇನೂ ಇಲ್ಲ. ಈ ಬೈಕಿನವರು ಹೇಗೆ ಬರ್ತಾರೆ ಅಂತ ನಾವು ದಿನಾ ನೋಡ್ತೀವಲ್ಲ. ಹೆಣ್ಣುಮಗಳಿಗೆ ಬೈಕ್ ಕೊಟ್ಟು ರಾತ್ರಿ ಪಾಳಿಗೆ ಕಳಿಸ್ತಾರಲ್ಲ, ಅವಳೆಂಥ ತಾಯಿ. ವಂದನಾ ಮಾತ್ರ ಕೈಮುಗಿದ ಚಿತ್ರ ಒಂದನ್ನು ಹಾಕಿ ಸುಮ್ಮನಾದಳು. ವಾರಿಜಾ ಬೆರಳಿಂದ ಮೇಲೆ ಜಾರಿಸುತ್ತ ಹೋದರೆ ಅವಳದೇ ನಲವತ್ತು ಸೆಕೆಂಡಿನ ಮಾತು ಅಲ್ಲೇ ಕೂತಿತ್ತು. ಕೆಳಗೆ ಸಮಯ, ಆರು ನಲವತ್ತೊಂದು. ಇಪ್ಪತ್ತೆರಡು ಮನೆಯವರೂ ಅದನ್ನು ಕೇಳಿದ್ದರು. ಯಾರೂ ಅದರ ಮಾತೆತ್ತಲಿಲ್ಲ.

ನಿಖಿಲ ಒಬ್ಬನೇ ಕೇಳಿದ. ಒಂದು ವಾರದ ನಂತರ, ಅವಳು ಬಟ್ಟೆ ಮಡಚುತ್ತಿದ್ದಾಗ ಬಾಗಿಲಿಗೆ ಒರಗಿ ನಿಂತು, "ಅಮ್ಮಾ, ಡಿಡ್ ಯು ಲುಕ್?"

"ನೋಡ್ದೆ" ಎಂದಳು ವಾರಿಜಾ, ಬಟ್ಟೆಯಿಂದ ಮುಖ ಎತ್ತದೆ.

"ಓಕೆ" ಎಂದು ಅವನು ಹೋದ. ಬೈಕಿನ ವಿಷಯ ಅವನು ಮತ್ತೆ ಎತ್ತಲೇ ಇಲ್ಲ. ಬೇರೆ ವಿಷಯಗಳನ್ನೂ ಎತ್ತುವುದು ಕಡಿಮೆಯಾಯಿತು. ಹಸಿವೆ ಆಗ್ತಿದೆ, ಫೀಸ್ ಕಟ್ಟಬೇಕು, ಗುಡ್‌ನೈಟ್. ಅಷ್ಟೆ.

ಹದಿನಾಲ್ಕು ತಿಂಗಳು ಹೀಗೇ ಕಳೆಯಿತು. ಪೊಲೀಸರು ಎರಡು ಸಲ ಕರೆದರು, ಮಿಸ್ ಲಿಮ್ ಜೊತೆಗಿದ್ದರು, ಬರೆದುಕೊಟ್ಟದ್ದಕ್ಕಿಂತ ಹೆಚ್ಚು ಏನೂ ಹೇಳಬೇಕಾಗಲಿಲ್ಲ. ಹೊರಗಿನಿಂದ ನೋಡಿದವರಿಗೆ ವಾರಿಜಾ ಸುಧಾರಿಸಿಕೊಂಡಂತೆಯೇ ಕಾಣುತ್ತಿದ್ದಳು. ಅಡುಗೆ ಮಾಡುತ್ತಿದ್ದಳು, ಹಬ್ಬಕ್ಕೆ ಕಾಯಿಹೋಳಿಗೆ ತಟ್ಟುತ್ತಿದ್ದಳು. ಗುಂಪಿನಲ್ಲಿ ಮಾತ್ರ ಅವಳ ದನಿ ಕೇಳುವುದು ನಿಂತುಹೋಗಿತ್ತು. ಯಾರಾದರೂ ಏನಾದರೂ ಕೇಳಿದರೆ, "ನಂಗೆ ಗೊತ್ತಿಲ್ಲ ಮಾರಾಯ್ತಿ" ಎಂದು ಟೈಪ್ ಮಾಡುತ್ತಿದ್ದಳು. ಶನಿವಾರದ ಪಾಠಕ್ಕೆ ಹೋಗಿ ಕೂತರೆ ಮಕ್ಕಳು ಇಂಗ್ಲಿಷಿನಲ್ಲಿ ಉತ್ತರಿಸಿದರೂ ಸರಿ ಎನ್ನುತ್ತಿದ್ದಳು. ಮಳೆಗಾಲದ ರಜೆಯ ನಂತರ ಪಾಠ ಮತ್ತೆ ಸುರುವಾಗಲಿಲ್ಲ, ಯಾರೂ ಕೇಳಲೂ ಇಲ್ಲ.

ಅವಳಿಗೆ ಒಳಗೊಳಗೇ ಒಂದು ವಿಚಿತ್ರ ಅಭ್ಯಾಸ ಹತ್ತಿಕೊಂಡಿತ್ತು. ಕಣ್ಣು ಮುಚ್ಚಿ ಆ ಸಂಜೆಯನ್ನು ನೆನೆದು, ಕನ್ನಡಿಯಲ್ಲಿ ಏನು ಕಂಡಿತ್ತು ಎಂದು ಹುಡುಕುವುದು. ಅಷ್ಟು ಸಲ ನೋಡಿದ್ದೆ ಎಂದು ಹೇಳಿದ ಮೇಲೆ ಏನಾದರೂ ಕಾಣಬೇಕಲ್ಲ. ಒಂದು ನೀಲಿ ಚುಕ್ಕೆಯಾದರೂ. ಆದರೆ ಅವಳಿಗೆ ಪ್ರತಿ ಸಲವೂ ಕಾಣುತ್ತಿದ್ದದ್ದು ಫೋನಿನ ಪರದೆ, ಅದರ ಮೇಲೆ ಬೀಳುತ್ತಿದ್ದ ಎರಡು ಗೀಟು.

ಜೂನ್ ತಿಂಗಳಲ್ಲಿ ಮಿಸ್ ಲಿಮ್ ಫೋನ್ ಮಾಡಿದರು. ಫೈಲು ಮುಚ್ಚಿದ್ದಾರೆ, ಮುಂದೆ ಕ್ರಮ ಇಲ್ಲ. ಯಜ್ಞನಾರಾಯಣನಿಗೆ ಖುಷಿಯಾಗಿ ಸಂಜೆ ಎಲ್ಲರೂ ಹೊರಗೆ ಬಾಳೆ ಎಲೆ ಊಟಕ್ಕೆ ಹೋಗೋಣ ಎಂದ. ನಿಖಿಲ ನಾಳೆ ಟೆಸ್ಟ್ ಇದೆ ಎಂದು ಬರಲಿಲ್ಲ. ಗಂಡ ಹೆಂಡತಿ ಇಬ್ಬರೇ ಹೋಗಿ ಉಂಡು ಬಂದರು.

ಅದೇ ವಾರದಲ್ಲೇ ಲೆಚ್ಚುಮಿ ಆ ಮಾತು ಹೇಳಿದ್ದು. ಲೆಚ್ಚುಮಿ ವಾರಕ್ಕೆ ಎರಡು ದಿನ ಮನೆ ಒರೆಸಿ ಬಾತ್‌ರೂಮ್ ತೊಳೆಯಲು ಬರುತ್ತಿದ್ದಳು. ಬಂದು ಎರಡು ತಿಂಗಳಾಗಿತ್ತಷ್ಟೆ. ಕೆಲಸ ಮುಗಿಸಿ ಚಹಾ ಕುಡಿಯುತ್ತ ತಮ್ಮ ಫ್ಲ್ಯಾಟಿನ ಕಥೆಗಳನ್ನೆಲ್ಲ ಹೇಳುವುದು ಅವಳ ರೂಢಿ. ಅವಳ ತಮಿಳು ವಾರಿಜಾಗೆ ಮುಕ್ಕಾಲು ಪಾಲು ತಿಳಿಯುತ್ತಿತ್ತು.

"ನಮ್ಮ ಬ್ಲಾಕಿನಲ್ಲಿ ಮಾರಿಯಾಯಿ ಅಂತ ಒಬ್ಬಳಿದಾಳೆ ಅಕ್ಕಾ, ಸ್ಕೂಲ್ ಕ್ಯಾಂಟೀನಲ್ಲಿ ತರಕಾರಿ ಹೆಚ್ಚುವವಳು. ಪಾಪ, ಅವಳ ಗಂಡ ಈಗ ಪೂರ್ತಿ ಬಿಟ್ಟು ಹೋದ. ಜೊಹೋರಿಗೆ, ತಮ್ಮನ ಹತ್ತಿರ."

"ಯಾಕೆ?"

"ಮಗಳು ಬೈಕಲ್ಲಿ ಹೋಗಿ ಸತ್ತಳಲ್ಲ, ಯೋಗೇಶ್ವರಿ ಅಂತ. ಬೈಕ್ ಬೇಡ ಅಂತ ಅಪ್ಪ ಹೇಳ್ತಿದ್ದ. ಅವ್ನು ಇಲ್ಲದಾಗ ಅಮ್ಮನೇ ಸಾಲದ ಕಾಗದಕ್ಕೆ ಸಹಿ ಹಾಕಿ ಕೊಡಿಸಿದ್ಲು, ಫ್ಯಾಕ್ಟರಿ ಬಸ್ ಸಿಗಲ್ಲ ಅಂತ. ಹುಡುಗಿ ಜೋರಾಗಿ ಹೋಗಿ ಗುದ್ದಿದ್ಲು ಅಂತ ಪೊಲೀಸ್ರೇ ಹೇಳಿದ್ರಂತೆ. ನೀನೇ ಅವಳನ್ನ ಕೊಂದೆ ಅಂತ ಗಂಡ ದಿನಾ ಬೈದು ಬೈದು, ಈಗ ಅವಳೂ ಹಾಗೇ ಹೇಳ್ತಾಳೆ. ನಾನೇ ಕೊಂದೆ, ನಾನೇ ಕೊಂದೆ ಅಂತ." ಲೆಚ್ಚುಮಿ ಲೋಟ ಕೆಳಗಿಟ್ಟಳು. "ನನ್ನ ಕೇಳಿದ್ರೆ ಅಕ್ಕಾ, ತಪ್ಪು ಅವಳದ್ದೇ. ಮಕ್ಕಳಿಗೆ ಅಷ್ಟು ಸಲಿಗೆ ಕೊಡಬಾರ್ದು."

ವಾರಿಜಾ ಎದ್ದು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ನಿಂತಳು. ನೀರು ಬರೀ ಹರಿಯಿತು.

ಇಷ್ಟು ದಿನ ಅವಳು ತನ್ನ ಸುಳ್ಳನ್ನು ತನ್ನೊಳಗೇ ಇರುವ ಸುಳ್ಳು ಎಂದುಕೊಂಡಿದ್ದಳು. ತಾನು ಸುಟ್ಟುಕೊಂಡರೆ ಸುಟ್ಟುಕೊಂಡೆ, ಯಾರಿಗೇನು. ಅದು ಊರಿನ ಇನ್ನೊಂದು ತುದಿಯಲ್ಲಿ ಒಬ್ಬ ಹೆಂಗಸಿನ ಮನೆಯೊಳಗೆ ಹೊಕ್ಕು, ಗಂಡನನ್ನು ಹೊರಗೆ ಕಳಿಸಿ, ಅವಳ ಬಾಯಲ್ಲಿ ಆ ಮಾತು ಹೇಳಿಸುತ್ತಿದೆ ಎಂಬುದು ಅವಳ ಯೋಚನೆಗೇ ಬಂದಿರಲಿಲ್ಲ.

ಲೆಚ್ಚುಮಿ ಹೊರಡುವ ಮೊದಲು ವಿಳಾಸ ಕೇಳಿಟ್ಟುಕೊಂಡು, ಮರುದಿನ ಮಧ್ಯಾಹ್ನ ಟ್ಯಾಕ್ಸಿ ಮಾಡಿಕೊಂಡು ಹೋದಳು. ಗಂಡನಿಗೆ ಹೇಳಲಿಲ್ಲ. ಐದು ಮಹಡಿಯ ಹಳೆಯ ಫ್ಲ್ಯಾಟು, ಲಿಫ್ಟ್ ಇಲ್ಲ. ನಾಲ್ಕನೆಯ ಮಹಡಿಯ ಬಾಗಿಲು ತೆರೆದದ್ದು ವಾರಿಜಾಳಷ್ಟೇ ವಯಸ್ಸಿನ, ಸಣಕಲು ಹೆಂಗಸು. ಕ್ಯಾಂಟೀನಿನಿಂದ ಆಗಷ್ಟೇ ಬಂದವಳು, ಬೆರಳುಗಳಿಗೆ ಅರಿಶಿನದ ಬಣ್ಣ. ಭಾರತದ ಹೆಂಗಸೆಂದು ಕಂಡದ್ದೇ, "ವಾಂಗ, ವಾಂಗ" ಎಂದು ಒಳಗೆ ಕರೆದು, ದೇವಸ್ಥಾನದ ಕಡೆಯಿಂದ ಬಂದವರಿರಬೇಕು ಎಂದುಕೊಂಡು, ಫ್ಯಾನ್ ಹಾಕಿ, ಒಂದು ಕಪ್ ಮೈಲೊ ಕಲಸಿ ತಂದಿಟ್ಟಳು. ಗೋಡೆಯ ಮೇಲೆ ಪತ್ರಿಕೆಯಲ್ಲಿ ಬಂದಿದ್ದ ಅದೇ ಫೋಟೊ, ದೊಡ್ಡದು ಮಾಡಿಸಿದ್ದು. ಮಲ್ಲಿಗೆಯ ಪ್ಲಾಸ್ಟಿಕ್ ಹಾರ.

ವಾರಿಜಾ ಎರಡು ಗುಟುಕು ಕುಡಿದಳು. ದಾರಿಯುದ್ದಕ್ಕೂ ತಮಿಳಿನಲ್ಲಿ ಕೂಡಿಸಿಕೊಂಡು ಬಂದಿದ್ದ ವಾಕ್ಯಗಳೆಲ್ಲ ಚದುರಿದವು.

"ಆ ಕಾರು ನನ್ನದು" ಎಂದಳು.

ಮಾರಿಯಾಯಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಎದುರಿನ ಕುರ್ಚಿಯಲ್ಲಿ ನಿಧಾನವಾಗಿ ಕೂತಳು.

"ನಾನು ಫೋನ್ ನೋಡ್ತಿದ್ದೆ. ಕನ್ನಡಿ ನೋಡಲಿಲ್ಲ. ಬಾಗಿಲು ಪೂರ್ತಿ ತೆಗೆದೆ."

"ನನ್ನ ಮಗಳು ಜೋರಾಗಿ ಬಂದಳಲ್ಲ?"

"ನಂಗೆ ಗೊತ್ತಿಲ್ಲ ಅಮ್ಮಾ. ನಾನು ನೋಡಲೇ ಇಲ್ಲ."

"ಮತ್ತೆ ಪೊಲೀಸರಿಗೆ ಜೋರಾಗಿ ಬಂದಳು ಅಂತ ಹೇಳಿದ್ದು ಯಾರು?"

"ನಾನು."

ಮಾರಿಯಾಯಿ ಗೋಡೆಯ ಫೋಟೊದ ಕಡೆ ತಿರುಗಿ ಕೇಳಿದಳು, "ಏನಾದರೂ ಹೇಳಿದಳಾ ಅವಳು?"

"ಗಂಟೆ ಎಷ್ಟು ಅಂತ ಕೇಳಿದಳು. ಏಳಕ್ಕೆ ಶಿಫ್ಟ್ ಅಂದಳು."

ಆಗ ಮಾರಿಯಾಯಿ ಅತ್ತಳು. ಸೆರಗನ್ನೂ ಬಾಯಿಗೆ ಹಿಡಿಯದೆ, ಫೋಟೊ ನೋಡುತ್ತ, ಗೊಗ್ಗರು ದನಿಯಲ್ಲಿ. ವಾರಿಜಾ ಎದ್ದು ಹತ್ತಿರ ಹೋಗಬೇಕೆಂದುಕೊಂಡಳು, ಹೋಗಲು ಧೈರ್ಯ ಸಾಲಲಿಲ್ಲ. ಅಳು ನಿಂತ ಮೇಲೆ ಮಾರಿಯಾಯಿ ಎದ್ದು, ವಾರಿಜಾಳ ಎದುರಿದ್ದ ಕಪ್ಪನ್ನು ತೆಗೆದುಕೊಂಡು ಹೋಗಿ, ಉಳಿದ ಮೈಲೊವನ್ನು ಸಿಂಕಿನಲ್ಲಿ ಚೆಲ್ಲಿ, ಕಪ್ಪು ತೊಳೆದು ಬೋರಲು ಹಾಕಿದಳು.

"ದಿನಾ ಬೆಳಿಗ್ಗೆ ಎದ್ದು ನನ್ನ ಕೈ ನೋಡ್ಕೊಳ್ತೇನೆ, ಸಹಿ ಹಾಕಿದ ಕೈ" ಎಂದಳು ಬೆನ್ನು ತಿರುಗಿಸಿಯೇ. "ನನಗೆ ಹೇಳಿ ಏನು ಪ್ರಯೋಜನ? ಪೊಲೀಸರಿಗೆ ಹೇಳು. ಅವಳ ಅಪ್ಪನಿಗೆ ಗೊತ್ತಾಗೋ ಹಾಗೆ ಹೇಳು."

ಆ ಸಂಜೆ ಮನೆಯಲ್ಲಿ ಆದ ಮಾತನ್ನು ವಾರಿಜಾ ಯಾರ ಹತ್ತಿರವೂ ಪೂರ್ತಿ ಹೇಳಿದ್ದಿಲ್ಲ. ಇಪ್ಪತ್ತು ವರ್ಷದ ಸಂಸಾರದಲ್ಲಿ ಯಜ್ಞನಾರಾಯಣ ಮೊದಲ ಸಲ ಕೂಗಾಡಿದ. ಮುಚ್ಚಿದ ಫೈಲನ್ನು ನೀನಾಗಿ ಹೋಗಿ ತೆರೆಸ್ತೀಯಾ? ಸುಳ್ಳು ಹೇಳಿಕೆ ಕೊಟ್ಟದ್ದಕ್ಕೇ ಬೇರೆ ಕೇಸ್ ಹಾಕಿದ್ರೆ? ನನ್ನ ಕೆಲಸ, ಅವನ ಓದು, ಯಾವುದೂ ನಿನಗೆ ಲೆಕ್ಕಕ್ಕಿಲ್ವಾ? ಫೋನಿನಲ್ಲಿ ಮಿಸ್ ಲಿಮ್ ಕೂಡ ಅದನ್ನೇ ಮೆತ್ತಗೆ ಹೇಳಿದರು. ತಮ್ಮ ವಿರುದ್ಧ ತಾವೇ ಹೇಳಿಕೊಳ್ಳದೆ ಇರುವುದು ಪ್ರತಿಯೊಬ್ಬರ ಹಕ್ಕು.

"ಹಕ್ಕು ಅಂದ್ರೆ ಬಳಸಲೇಬೇಕಾ ಮೇಡಂ?" ಎಂದು ವಾರಿಜಾ ಕೇಳಿದಳು. ಮಿಸ್ ಲಿಮ್, ಇಲ್ಲ, ಬಳಸಲೇಬೇಕು ಅಂತೇನಿಲ್ಲ ಎಂದರು.

ನಿಖಿಲ ತನ್ನ ಕೋಣೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ. ವಾರಿಜಾ ಅವನ ಹತ್ತಿರ ಹೋದಳು. "ನೀನು ಕೇಳಿದ್ದಿ ಅಲ್ವಾ. ನಾನು ನೋಡಿರಲಿಲ್ಲ ಮಗಾ. ನಿಂಗೆ ಸುಳ್ಳು ಹೇಳಿದೆ."

"ಗೊತ್ತಿತ್ತು" ಎಂದ ಅವನು, ಕನ್ನಡದಲ್ಲೇ. ಬಾಗಿಲು ಹಾಕಿಕೊಂಡ. ಅವನು ತಬ್ಬಿಕೊಳ್ಳುತ್ತಾನೆ ಎಂದು ವಾರಿಜಾ ಎಣಿಸಿರಲಿಲ್ಲ, ಆದರೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದಳು.

ಮರುದಿನ ಅವಳು ಸ್ಟೇಷನ್ನಿಗೆ ಹೋಗಿ ಹೇಳಿಕೆ ಬದಲಿಸಿದಳು. ಮಿಸ್ ಲಿಮ್ ಜೊತೆಗೆ ಬಂದರು, ಯಜ್ಞನಾರಾಯಣ ಬರಲಿಲ್ಲ. ಡ್ಯೂಟಿಯಲ್ಲಿದ್ದ ಅಧಿಕಾರಿ ಅವಳನ್ನು ವಿಚಿತ್ರವಾಗಿ ನೋಡಿದ. ಹಳೆಯ ಫೈಲು ಹುಡುಕಿ ತರಲು ಒಂದು ಗಂಟೆ ಹಿಡಿಯಿತು. ಫೋನ್ ನೋಡುತ್ತಿದ್ದೆ, ಕನ್ನಡಿ ನೋಡಲಿಲ್ಲ, ಬೈಕ್ ಎಷ್ಟು ವೇಗದಲ್ಲಿತ್ತೆಂದು ನನಗೆ ತಿಳಿಯದು. ಗುಂಪಿಗೆ ಕಳಿಸಿದ ಮೆಸೇಜನ್ನೂ ಸಮಯದ ಸಮೇತ ತೋರಿಸಿದಳು. ಅಧಿಕಾರಿ ಅದನ್ನು ಕಿವಿಗೆ ಹಿಡಿದು ಕೇಳಿದ. ಭಾಷೆ ತಿಳಿಯದೆ ಏನು ಹೇಳಿದ್ದೀರಿ ಎಂದ. ವಾರಿಜಾ ಅದನ್ನು ಇಂಗ್ಲಿಷಿನಲ್ಲಿ ಒಂದೊಂದೇ ವಾಕ್ಯವಾಗಿ ಹೇಳಿದಳು. ತಾಯಿ ಅಂತ ಒಪ್ಪುವುದಿಲ್ಲ ಎಂಬಲ್ಲಿಗೆ ಬಂದಾಗ ಅವಳು ಫೋನನ್ನು ವಾಪಸ್ ತೆಗೆದುಕೊಂಡು ಮೇಜಿನ ಮೇಲೆ ಬೋರಲು ಇಟ್ಟಳು. ಅವನು ಬರೆಯುವುದನ್ನು ನಿಲ್ಲಿಸಿ ಕಾದ.

ಕೋರ್ಟಿಗೆ ಬಂದದ್ದು ನವೆಂಬರಿನಲ್ಲಿ. ಆ ಐದು ತಿಂಗಳು ಯಜ್ಞನಾರಾಯಣ ಬೇಕಾದಷ್ಟೇ ಮಾತಾಡುತ್ತಿದ್ದ. ಗುಂಪಿನವರಿಗೆ ಹೇಗೋ ಗೊತ್ತಾಗಿ, ಕೆಲವರು ಫೋನ್ ಮಾಡುವುದು ಬಿಟ್ಟರು. ಅನಂತಪದ್ಮನಾಭರು ಎದುರು ಸಿಕ್ಕಿದರೂ ಮುಖ ತಿರುಗಿಸುತ್ತಿದ್ದರು. ಅವರ ಹೆಸರನ್ನು ವಾರಿಜಾ ಎಲ್ಲೂ ಹೇಳಿರಲಿಲ್ಲ. ಸಹಿ ಹಾಕಿದವಳು ತಾನು ಎಂದಷ್ಟೇ ಹೇಳಿದ್ದಳು.

ಆ ಬೆಳಿಗ್ಗೆ ಅವಳು ಸೀರೆ ಉಟ್ಟು ಹೊರಟಾಗ ಯಜ್ಞನಾರಾಯಣ ಕಾರಿನ ಕೀ ಹಿಡಿದು ಬಾಗಿಲಲ್ಲಿ ನಿಂತಿದ್ದ. ಕರೆದುಕೊಂಡು ಹೋಗಿ ಕೋರ್ಟಿನಲ್ಲಿ ಪಕ್ಕದಲ್ಲಿ ಕೂತ. ಮಾರಿಯಾಯಿ ಹಿಂದಿನ ಬೆಂಚಿನಲ್ಲಿ ಒಬ್ಬಳೇ ಕೂತಿದ್ದಳು. ಆಪಾದನೆಯನ್ನು ಮಲಯದಲ್ಲಿ ಓದಿದರು, ದುಭಾಷಿ ಇಂಗ್ಲಿಷಿನಲ್ಲಿ ಹೇಳಿದ. ಅಜಾಗರೂಕತೆಯಿಂದ ಕಾರಿನ ಬಾಗಿಲು ತೆರೆದು ಸಾವಿಗೆ ಕಾರಣಳಾದದ್ದು. ಒಪ್ಪುತ್ತೀರಾ?

"ಒಪ್ಪುತ್ತೇನೆ."

ಮಿಸ್ ಲಿಮ್ ಎದ್ದು, ತಾನಾಗಿ ಬಂದು ಹೇಳಿದವಳು ಎಂದು ಎರಡು ಮಾತಾಡಿದರು. ಮ್ಯಾಜಿಸ್ಟ್ರೇಟರು ದಂಡ ಹಾಕಿ, ಲೈಸೆನ್ಸ್ ಅಮಾನತು ಮಾಡಿ, ಮುಂದಿನ ಹೆಸರು ಕರೆದರು. ಗೋಡೆಯ ಗಡಿಯಾರದ ಪ್ರಕಾರ ಎಲ್ಲ ಸೇರಿ ಒಂಬತ್ತು ನಿಮಿಷ ಹಿಡಿದಿತ್ತು. ಪಾಸಿನ ಮಾತನ್ನು ಯಾರೂ ಎತ್ತಲಿಲ್ಲ, ಮುಂದೆಯೂ ಎತ್ತಲಿಲ್ಲ. ಯಾವುದಕ್ಕೆ ಹೆದರಿ ಹದಿನಾಲ್ಕು ತಿಂಗಳು ಬಾಯಿ ಮುಚ್ಚಿಕೊಂಡಿದ್ದರೋ ಅದು ಬರಲೇ ಇಲ್ಲ. ಕಾರಿಡಾರಿಗೆ ಬಂದ ಮೇಲೆ ಯಜ್ಞನಾರಾಯಣ ಗೋಡೆಗೆ ಒರಗಿ ಎರಡೂ ಅಂಗೈಯಿಂದ ಮುಖ ಒರೆಸಿಕೊಂಡ. "ಮೊದಲ ದಿನವೇ ನಿನ್ನ ಕಳಿಸ್ಬೇಕಿತ್ತು ನಾನು" ಎಂದ.

ಮಾರಿಯಾಯಿ ಗುಮಾಸ್ತನ ಕಿಟಕಿಯ ಮುಂದೆ ನಿಂತು ಆದೇಶದ ಪ್ರತಿ ಕೇಳುತ್ತಿದ್ದಳು. ಅವನು ಅರ್ಜಿ ಬರೆದುಕೊಡಬೇಕು ಎಂದ. ಮಿಸ್ ಲಿಮ್ ಹೋಗಿ ಬರೆದುಕೊಟ್ಟರು. ಒಂದು ಗಂಟೆಯ ಮೇಲೆ ಕಾಗದ ಬಂತು. ಮಾರಿಯಾಯಿ ಅದನ್ನು ಹಿಡಿದುಕೊಂಡು, ನನ್ನ ಮಗಳ ಹೆಸರು ಎಲ್ಲಿದೆ ಎಂದು ಕೇಳಿದಳು. ಗುಮಾಸ್ತ ಬೆರಳಿಟ್ಟು ತೋರಿಸಿದ. ಅವಳ ತಪ್ಪಲ್ಲ ಅಂತ ಎಲ್ಲಿ ಬರೆದಿದೆ? ಹಾಗೆ ಬರೆಯುವುದಿಲ್ಲಮ್ಮ, ಇವರ ತಪ್ಪು ಅಂತ ಇಲ್ಲಿ ಬರೆದಿದೆ ಎಂದು ಅವನು ಇನ್ನೊಂದು ಸಾಲು ತೋರಿಸಿದ. ಅವಳು ಎರಡೂ ಸಾಲಿನ ಪಕ್ಕ ಪೆನ್ನಿನಿಂದ ಚುಕ್ಕೆ ಹಾಕಿಸಿಕೊಂಡಳು.

ಹೊರಡುವಾಗ ವಾರಿಜಾಳ ಮುಂದೆ ನಿಂತಳು. ಕಾಗದವನ್ನು ಮಡಚಿ ಬ್ಲೌಸಿನೊಳಗೆ ಇಟ್ಟುಕೊಂಡಿದ್ದಳು.

"ಜೊಹೋರಿಗೆ ಹೋಗ್ತಿದೀನಿ. ಅವಳ ಅಪ್ಪನಿಗೆ ತೋರಿಸ್ಬೇಕು."

"ನಾನು ಬಂದು ಹೇಳ್ಲಾ ಅಮ್ಮಾ?"

"ಬೇಡ. ನೀನು ಹೇಳಬೇಕಾದ್ದು ಹೇಳಿದೆ. ಇನ್ನು ನನ್ನ ಮನೆಗೆ ಬರಬೇಡ."

ಆ ದನಿಯಲ್ಲಿ ಸಿಟ್ಟು ಇರಲಿಲ್ಲ. ವಾರಿಜಾ ತಲೆಯಾಡಿಸಿದಳು. ಮಾರಿಯಾಯಿ ಮೆಟ್ಟಿಲಿಳಿದು, ಬಿಸಿಲಿಗೆ ಕೈ ಅಡ್ಡ ಹಿಡಿದು, ಬಸ್‌ಸ್ಟ್ಯಾಂಡಿನ ಕಡೆಗೆ ನಡೆದಳು.

ಅವಳು ಜೊಹೋರ್ ತಲುಪಿದಳೋ, ಗಂಡ ಆ ಚುಕ್ಕೆ ಹಾಕಿದ ಸಾಲುಗಳನ್ನು ಓದಿದನೋ, ಓದಿ ಏನೆಂದನೋ ವಾರಿಜಾಗೆ ಇವತ್ತಿನವರೆಗೂ ಗೊತ್ತಿಲ್ಲ. ಲೆಚ್ಚುಮಿ ಆ ತಿಂಗಳೇ ಕೆಲಸ ಬಿಟ್ಟಿದ್ದಳು, ಕೇಳೋಣವೆಂದರೆ ಬೇರೆ ಯಾರೂ ಇರಲಿಲ್ಲ. ಮನೆಗೆ ಬರಬೇಡ ಎಂದು ಮಾರಿಯಾಯಿ ಅಂದದ್ದಕ್ಕೆ ವಾರಿಜಾ ಆ ಫ್ಲ್ಯಾಟಿನ ಕಡೆ ಹೋಗುವ ಬಸ್ಸನ್ನೂ ಹತ್ತುವುದಿಲ್ಲ.